ಗುತ್ತೂರಿಗೆ ಬಂದ ಜಪಾನ್ ಗಾದಿ

"ಇವತ್ತಿನಿಂದ ನಮ್ಮ ಕುಟುಂಬದಾಗೆ ನೋವು ಅನ್ನೋದೇ ಇರಂಗಿಲ್ಲ," ಎಂದು ಹನುಮೇಶ ಘೋಷಿಸಿದಾಗ ಅವನ ಹೆಂಡತಿ ನೇತ್ರಾವತಿ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಚಟಪಟ ಸಿಡಿದು ಘೋಷಣೆಯ ಅರ್ಧಭಾಗವನ್ನು ನುಂಗಿಬಿಟ್ಟಿತು.

"ಏನಿರಂಗಿಲ್ಲ ಅಂದ್ರಿ?"

"ನೋವು."

"ಗ್ಯಾಸೂ ಇರಂಗಿಲ್ಲ. ಸಿಲಿಂಡರ್ ಮುಗೀತಾ ಬಂತು, ಮೊದ್ಲು ಅದನ್ನ ಬುಕ್ ಮಾಡ್ರಿ."

ಹಿತ್ತಲ ಗಿಡ ಮದ್ದಲ್ಲ ಎಂದು ಹನುಮೇಶ ನಿಟ್ಟುಸಿರು ಬಿಟ್ಟ. ಆದರೆ ಎದೆಗುಂದಲಿಲ್ಲ. ಎದೆಗುಂದುವಂಥ ಸ್ಥಿತಿಯಲ್ಲೂ ಅವನಿರಲಿಲ್ಲ. ದೇವರ ಫೋಟೋಗಳ ಪಕ್ಕದಲ್ಲಿ, ಊದುಬತ್ತಿಯ ಹೊಗೆ ತಾಗುವಷ್ಟು ಹತ್ತಿರದಲ್ಲಿ, ಮೈ ಒತ್ತಿ ನೋವು ಕಳೆಯುವ ಜಪಾನಿನ ವಿದ್ಯೆಯಾದ ಶಿಯಾತ್ಸುವಿನ ಅವನ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು.

ಈ ಭಕ್ತಿಗೆ ಕಾರಣವಿಲ್ಲದಿಲ್ಲ. ಹನುಮೇಶ ದಾವಣಗೆರೆಯ ಮಂಡಿಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಬಿಲ್ಲಿಂಗ್ ವಿಭಾಗದ ಮುಖ್ಯಸ್ಥ. ಮದುವೆ ಸೀಜನ್ನಿನಲ್ಲಿ ಇಡೀ ದಿನ ಕಂಪ್ಯೂಟರಿಗೆ ತಲೆ ಬಗ್ಗಿಸಿ ಬಗ್ಗಿಸಿ ಅವನ ಕುತ್ತಿಗೆ ಕೊರಡಾಗಿಹೋಗಿತ್ತು. ಹಿಂದಿನಿಂದ ಯಾರಾದರೂ ಕರೆದರೆ ತಲೆ ಮಾತ್ರ ತಿರುಗಿಸಲು ಬರುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಿರುಗಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ನಿದ್ದೆ ಎಂದರೆ ಏನೆಂಬುದು ಮರೆತೇಹೋಗಿತ್ತು. ಆಗ ಮೈಸೂರಿನಿಂದ ಭುವನೇಶ್ವರಿ ಮೇಡಂ ಬಂದು ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ ಶಿಬಿರ ಹೂಡಿದರು. ಎಣ್ಣೆಯಿಲ್ಲ, ಬಟ್ಟೆ ಬಿಚ್ಚುವುದಿಲ್ಲ. ನೆಲದ ಗಾದಿಯ ಮೇಲೆ ಮಲಗಿಸಿ, ಹೆಬ್ಬೆರಳು ಅಂಗೈಗಳಿಂದ ಕುತ್ತಿಗೆ, ಭುಜ, ಬೆನ್ನುಗಳ ಉದ್ದಕ್ಕೂ ಸಾವಕಾಶವಾಗಿ ಭಾರ ಬಿಟ್ಟರು, ಅಷ್ಟೇ. ಹನುಮೇಶ ಅಲ್ಲೇ ನಿದ್ದೆ ಹೋದ. ಊಟದ ಹೊತ್ತಿಗೆ ಎಬ್ಬಿಸಿದರೆ "ಮುಹೂರ್ತ ಆತಾ?" ಎಂದು ಕೇಳಿದನಂತೆ. ಕೆಲವು ವಾರ ಹೋಗಿ ಬಂದ ಮೇಲೆ ಕುತ್ತಿಗೆ ಎರಡೂ ಕಡೆ ತಿರುಗತೊಡಗಿತು. ಒಂದು ದಿನ ಅಂಗಡಿಯಲ್ಲಿ ಯಾರೋ ಕರೆದಾಗ ತಲೆ ಮಾತ್ರ ತಿರುಗಿಸಿ ನೋಡಿದವನು ಸಂತೋಷಕ್ಕೆ ಗಿರಾಕಿಯ ಬಿಲ್ಲು ಮಾಡುವುದನ್ನೇ ಮರೆತ. ಋಣ ದೊಡ್ಡದು. ಅದನ್ನು ಯಾರ ಬೆನ್ನಿನ ಮೇಲಾದರೂ ತೀರಿಸಲೇಬೇಕು ಎಂದು, ಬರುವ ಭಾನುವಾರಗಳನ್ನೆಲ್ಲ ಆ ವಿದ್ಯೆ ಕಲಿಯಲು ಇಟ್ಟ.

ಮೇಡಂ ಮುಖ್ಯವಾಗಿ ಮೂರು ಮಾತು ಹೇಳಿಕೊಟ್ಟಿದ್ದರು. ತೋಳಿನ ಬಲದಿಂದ ಒತ್ತಬೇಡಿ, ಮೈಭಾರ ಬಿಟ್ಟು ಒರಗಿ, ಇದು ಮೊದಲನೆಯದು. ಒಂದು ಕೈ ಕೆಲಸ ಮಾಡುವಾಗ ಇನ್ನೊಂದು ಕೈ ಸುಮ್ಮನೆ ಮೈಮೇಲೆ ಇರಲಿ, ಅದಕ್ಕೆ ತಾಯಿ ಕೈ ಅನ್ನುತ್ತಾರೆ, ಇದು ಎರಡನೆಯದು. ಮಂಚದ ಮೇಲೆ ಬೇಡ, ನೆಲದ ಮೇಲೆ ತೆಳ್ಳನೆ ಗಾದಿ ಹಾಸಿ ಮಾಡಿ, ಇದು ಮೂರನೆಯದು. ನಮ್ಮ ಹನುಮೇಶನ ತಲೆಗೆ ಗಟ್ಟಿಯಾಗಿ ಹತ್ತಿದ್ದು ಮೂರನೆಯದು ಮಾತ್ರ. ಅಂಗಡಿಯಲ್ಲಿ ಸಿಗುವಂಥದ್ದು ಅದೊಂದೇ ಆಗಿತ್ತು.

ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟು ನೇತ್ರಾವತಿ ಪಕ್ಕದಲ್ಲಿ ಕೂತಳು. ಅವಳ ಮುಖದಲ್ಲಿ ನಗೆ ಇರಲಿಲ್ಲ.

"ಅಷ್ಟು ಬರತೈತಿ ಅಂದ್ರೆ ನಮ್ಮವ್ವನ್ನ ನೋಡ್ರಿ. ಬಲಭುಜ ಹಿಡ್ಕೊಂಡು ಎಷ್ಟೋ ತಿಂಗ್ಳಾತು. ಡಾಕ್ಟ್ರು ಎಲುಬಿಗೆ ಏನೂ ಆಗಿಲ್ಲ, ಭುಜ ಬಿಗಿದೈತೆ, ದಿನಾ ಕೈ ಆಡಿಸ್ರಿ ಅಂದ್ರು. ಅವ್ವ ಆಡ್ಸಂಗಿಲ್ಲ. ಮೊನ್ನೆ ಹೋದಾಗ ನೋಡಿದೆ, ಕೂದ್ಲು ಬಿಟ್ಕೊಂಡು ಕುಂತಿತ್ತು. ಕೈ ಮ್ಯಾಲೆ ಹೋಗಂಗಿಲ್ಲಂತೆ, ತುರುಬು ಕಟ್ಕಣಾಕ ಆಗಂಗಿಲ್ಲಂತೆ. ಅದಕ್ಕೇ ಯಾರ ಮನಿಗೂ ಹೋಗದು ಬಿಟ್ಟೈತಿ. ಆಶಾನ ಕುಬುಸಕ್ಕೂ ಬರಂಗಿಲ್ಲ ಅಂತೈತಿ."

ಹನುಮೇಶ ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿದ. ಆಶಾ ಎಂದರೆ ಅತ್ತೆ ಉಚ್ಚೆಂಗೆಮ್ಮನ ತಂಗಿಯ ಮಗಳು. ಹೆತ್ತವಳು ಬೇಗ ತೀರಿಕೊಂಡಿದ್ದರಿಂದ ಉಚ್ಚೆಂಗೆಮ್ಮನ ಮಡಿಲಲ್ಲೇ ಬೆಳೆದವಳು. ಈಗ ಮಲೆಬೆನ್ನೂರಿನ ಸೊಸೆ, ಬಸುರಿ. ಮುಂದಿನ ತಿಂಗಳು ಕುಬುಸದ, ಅಂದರೆ ಸೀಮಂತದ, ಕಾರ್ಯ. ತಾಯಿಯ ಜಾಗದಲ್ಲಿ ನಿಂತು ಅವಳಿಗೆ ಹೂ ಮುಡಿಸಬೇಕಾದ ಕೈ ಯಾವುದೋ, ಆ ಕೈ ಮೇಲೇಳುತ್ತಿರಲಿಲ್ಲ.

"ಮಾವಗೆ ಗೊತ್ತೈತಾ?"

"ಅಪ್ಪಗೆ ಕೈ ನೋವು ಅನ್ನೋದು ಗೊತ್ತು. ತುರುಬಿನ ವಿಷ್ಯ ಅವ್ವ ಹೇಳೂ ಇಲ್ಲ, ಅಪ್ಪ ಕೇಳೂ ಇಲ್ಲ."

"ಮುಗೀತು ಬಿಡು," ಹನುಮೇಶ ಎದ್ದು ನಿಂತ. "ಕುಬುಸದ ದಿನ ಅತ್ತೆ ತಾವೇ ಹೂ ಮುಡಿಸ್ತಾರೆ. ಹನುಮೇಶ ಹೇಳಿದ ಮೇಲೆ ಮುಗೀತು."

ಮರುದಿನವೇ ಗಾದಿ ಹೊಲಿಯುವ ಮಸ್ತಾನಸಾಬರ ಅಂಗಡಿಗೆ ಹೋದ. ಮಸ್ತಾನಸಾಬರು ಹತ್ತಿಯ ರಾಶಿಯ ನಡುವೆ ಕೂತಿದ್ದರು. ಗಡ್ಡ ಎಲ್ಲಿ ಮುಗಿದು ಹತ್ತಿ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟವಿತ್ತು.

"ತೆಳ್ಳಗೆ ಹೊಲೀಬೇಕ್ರೀ. ಬೆರಳುದ್ದಾನೂ ದಪ್ಪ ಇರಬಾರ್ದು. ಜಪಾನ್ ಗಾದಿ."

"ಎಲ್ಲಿಗೆ ಸಾಬ್?"

"ಅತ್ತೆ ಮನಿಗೆ."

ಮಸ್ತಾನಸಾಬರು ಸೂಜಿ ಕೆಳಗಿಟ್ಟರು. "ಅತ್ತೆ ಮನಿಗೆ ಯಾರಾದ್ರೂ ತೆಳ್ಳನೆ ಗಾದಿ ಒಯ್ತಾರೇನ್ರಿ? ಇಜ್ಜತ್ತಿನ ಪ್ರಶ್ನೆ ಐತಿ. ನೀವು ಹೋಗ್ರಿ, ನಾನು ನೋಡ್ಕೋತೀನಿ."

ಅವರು ನೋಡಿಕೊಂಡರು. ಶನಿವಾರ ಹೋಗಿ ನೋಡಿದರೆ ಗಾದಿ ಉಬ್ಬಿಕೊಂಡು ಗೋಡೆಗೆ ಒರಗಿ ಕೂತಿತ್ತು, ಊಟ ಜಾಸ್ತಿಯಾದ ಬೀಗರ ಹಾಗೆ. ಅದರ ಮೇಲೆ ಕೂತರೆ ಮೊಣಕಾಲು ಪೂರ್ತಿ ಮುಳುಗುತ್ತಿತ್ತು. ಪ್ರೀತಿಯಿಂದ ತುಂಬಿದ ಹತ್ತಿಯನ್ನು ತೆಗೆಯಿರಿ ಅನ್ನಲು ಹನುಮೇಶನಿಗೆ ಬಾಯಿ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಗಾದಿಯನ್ನು ಸುತ್ತಿ ಬೈಕಿನ ಹಿಂದಿನ ಸೀಟಿಗೆ ಕಟ್ಟಿದ ಮೇಲೆ ನೇತ್ರಾವತಿಗೆ ಜಾಗವೇ ಉಳಿಯಲಿಲ್ಲ. "ನೀವು ನಿಮ್ಮ ಗಾದಿ ಕೂಡ ಹೋಗ್ರಿ, ನಾನು ಬಸ್ಸಿಗೆ ಬರ್ತೀನಿ," ಎಂದು ಅವಳು ಬ್ಯಾಗೊಂದನ್ನು ಅವನ ಹೆಗಲಿಗೆ ನೇತುಹಾಕಿ ಕಳಿಸಿದಳು. ಹೀಗೆ ಹನುಮೇಶನ ದಿಗ್ವಿಜಯ ಯಾತ್ರೆ ದಾವಣಗೆರೆ ಬಿಟ್ಟು ಹರಿಹರ ದಾಟಿ ಗುತ್ತೂರು ಸೇರಿತು.

ಮಾವ ಕೆಂಚವೀರಪ್ಪನವರ ಎದುರುಮನೆಯ ಕಟ್ಟೆಯ ಮೇಲೆ ಬಕ್ಕೇಶಪ್ಪ ಕೂತಿದ್ದರು. ಊರಿನಲ್ಲಿ ಪತ್ರಿಕೆ ಬರುವುದಕ್ಕೆ ಮೊದಲೇ ಸುದ್ದಿ ಬರುತ್ತಿದ್ದುದು ಅವರಿಂದ.

"ಏನ್ ಅಳಿಯಂದ್ರೆ, ಗಾದಿ ಸಮೇತ ಬಂದ್ರಿ? ನೇತ್ರವ್ವ ಬರಲಿಲ್ಲಾ?"

"ಹಿಂದಿಂದ ಬರ್ತಾಳ್ರಿ."

"ಗಾದಿ?"

"ಇನ್ಮ್ಯಾಲೆ ಇಲ್ಲೇ ಇರತೈತ್ರಿ," ಎಂದು ಹನುಮೇಶ ಹಗ್ಗ ಬಿಚ್ಚುತ್ತ ಹೇಳಿದ.

ಒಬ್ಬ ಗಂಡಸು, ಹೆಗಲಿಗೆ ಬಟ್ಟೆಯ ಬ್ಯಾಗು, ಹಿಂದೆ ಹಾಸಿಗೆ, ಜೊತೆಗೆ ಹೆಂಡತಿ ಇಲ್ಲ. ಗಂಡುಮಕ್ಕಳಿಲ್ಲದ ಮಾವನ ಮನೆಯ ಮುಂದೆ ಬಂದಿಳಿದಿದ್ದಾನೆ. ಇದಕ್ಕೆ ನಮ್ಮ ಕಡೆ ಇರುವುದು ಒಂದೇ ಅರ್ಥ. ಹಗ್ಗದ ಕೊನೆಯ ಗಂಟು ಬಿಚ್ಚುವಷ್ಟರಲ್ಲಿ ಸುದ್ದಿ ಹಿಟ್ಟಿನ ಗಿರಣಿ ಮುಟ್ಟಿತು: ಕೆಂಚವೀರಪ್ಪನ ಅಳಿಯ ಮನೆ ಅಳಿಯನಾಗಿ ಬಂದಾನೆ. ಗಿರಣಿಯಿಂದ ಬಸ್‌ಸ್ಟಾಪಿಗೆ ಹೋಗುವಾಗ ಅದಕ್ಕೆ ಕೆಲಸ ಹೋದ ಕಥೆಯೂ ಸೇರಿತು. ನೇತ್ರಾವತಿ ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಎದುರಾದ ಹೆಂಗಸರೆಲ್ಲ ಅವಳ ಕೈ ಹಿಡಿದು, "ಧೈರ್ಯ ತಗಾ ತಾಯಿ, ತವರು ಮನಿ ಐತಲ್ಲ," ಎಂದು ಸಮಾಧಾನ ಹೇಳಿದ್ದರು. ಯಾಕೆಂದು ಅವಳಿಗೆ ಗೊತ್ತಾಗಲಿಲ್ಲ. ಹೂಂಗುಟ್ಟಿ ಬಂದಿದ್ದಳು.

ಒಳಗೆ ಬೇರೆಯೇ ತಕರಾರು ಶುರುವಾಗಿತ್ತು. ಉಚ್ಚೆಂಗೆಮ್ಮ ಹಳೇ ಕಾಲದವರು. ಅಳಿಯನ ಎದುರು ನಿಂತು ಮಾತಾಡಿದವರಲ್ಲ. ಮಗಳ ಮದುವೆಯಾದಾಗಿನಿಂದ ಅವರು ಆಡಿದ್ದೆಲ್ಲ ಅಡಿಗೆಮನೆ ಬಾಗಿಲ ಮರೆಯಿಂದ, ಅದೂ ಮಗಳ ಮೂಲಕ. ಮೊದಲೆಲ್ಲ ತಲೆತುಂಬ ಸೆರಗು ಹೊದ್ದು ಬಾಗಿಲವರೆಗಾದರೂ ಬರುತ್ತಿದ್ದರು. ಈಗ ಸೆರಗು ಮೇಲೆಳೆಯಲು ಬಲಗೈ ಏಳುತ್ತಿರಲಿಲ್ಲವಾಗಿ ಬಾಗಿಲ ಹಿಂದೆಯೇ ಉಳಿದುಬಿಟ್ಟಿದ್ದರು.

"ನೇತ್ರಾ, ಅಳಿಯಂದ್ರಿಗೆ ಹೇಳು. ಅವರ ಕೈ ನನ್ನ ಮೈಗೆ ತಾಗಿದ್ರೆ ನಾಳೆ ನಾನು ಯಾರ ಮುಖ ನೋಡ್ಲಿ ಅಂತ."

"ನೇತ್ರಾ, ಅತ್ತೆಗೆ ಹೇಳು. ಡಾಕ್ಟ್ರು ಮುಟ್ಟಲಿಲ್ವಾ ಅಂತ."

"ನೇತ್ರಾ, ಡಾಕ್ಟ್ರು ನನ್ನ ಮಗಳನ್ನ ಮದ್ವಿ ಆಗಿಲ್ಲ ಅಂತ ಹೇಳು."

ಇದಕ್ಕೆ ಜಪಾನಿನಲ್ಲೂ ಉತ್ತರ ಇರಲಿಕ್ಕಿಲ್ಲ. ಹನುಮೇಶ ತಲೆ ಕೆರೆದುಕೊಂಡ. ನೇತ್ರಾವತಿ ಕೆಲಸಕ್ಕೆ ಹೋಗುವವಳು, ದಿನಾ ಗುತ್ತೂರಿಗೆ ಬರಲಾರಳು. ಅವಳು ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ತಂದೆಯ ಕಡೆ ನೋಡಿದಳು.

"ಅಪ್ಪ ಮಾಡ್ಲಿ."

ಕೆಂಚವೀರಪ್ಪ ಬಾಯಲ್ಲಿದ್ದ ಎಲೆಯನ್ನು ಹಾಗೇ ಇಟ್ಟುಕೊಂಡು ಕೂತರು. ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಎಂಥೆಂಥ ಯಂತ್ರ ಬಿಚ್ಚಿ ಜೋಡಿಸಿದ್ದರೂ ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ; 'ಇವಳೇ' ಎಂಬುದೇ ಅವರ ಹೆಂಡತಿಯ ಹೆಸರು ಎಂದು ಊರಿನಲ್ಲಿ ಎಲ್ಲರೂ ತಿಳಿದಿದ್ದರು.

"ನಾನಾ?" ಎಂದರು. "ಈ ವಯಸ್ಸಿನಾಗ?"

ಬಾಗಿಲ ಹಿಂದೆ ಪಾತ್ರೆಯೊಂದು ಬಿದ್ದ ಸದ್ದಾಯಿತು.

"ಕಲಿಯಾಕೆ ಏನ್ ಹೋಗ್ತೈತಿ ಮಾವ? ನೀವು ಮಲಗ್ರಿ, ನಿಮ್ಮ ಮ್ಯಾಲೇ ಮಾಡಿ ತೋರಿಸ್ತೀನಿ," ಎಂದು ಹನುಮೇಶ ನಡುಮನೆಯಲ್ಲಿ ಗಾದಿ ಬಿಡಿಸಿದ. ಕೆಂಚವೀರಪ್ಪ ಎಲೆ ಉಗುಳಿ ಬಂದು, ಬನಿಯನ್ ಸರಿಮಾಡಿಕೊಂಡು, ಅಂಗಾತ ಅಲ್ಲ ಬೋರಲು ಎಂದ ಮೇಲೆ ಬೋರಲಾಗಿ ಮಲಗಿದರು. ಹತ್ತಿಯಲ್ಲಿ ಅರ್ಧ ಮುಳುಗಿದರು.

ಪಾಠ ಶುರುವಾಯಿತು. ಹನುಮೇಶ ಮೇಡಮ್ಮಿನ ದನಿಯಲ್ಲೇ ಹೇಳತೊಡಗಿದ. "ನೋಡ್ರಿ, ಒತ್ತಬಾರ್ದು, ಒರಗಬೇಕು. ಈ ಎಡಗೈ ಸುಮ್ನೆ ಇಲ್ಲೇ ಇರಬೇಕು, ಇದು ತಾಯಿ ಕೈ. ಬಲಗೈ ಹೆಬ್ಬೆರಳು ಭುಜದ ಹಿಂದೆ ಹಿಂಗೆ ಬರ್ತೈತಿ. ಉಸಿರು ಬಿಟ್ಟಾಗ ಭಾರ ಬಿಡಬೇಕು. ತಿಳೀತಾ ಮಾವ?"

ಮಾವನ ಉತ್ತರ ಗೊರಕೆಯ ರೂಪದಲ್ಲಿ ಬಂತು. ಆದರೆ ಬಾಗಿಲ ಮರೆಯಿಂದ ಪ್ರಶ್ನೆ ಬಂತು: "ನೇತ್ರಾ, ಕೇಳು. ಆ ತಾಯಿ ಕೈ ಯಾಕೆ ಸುಮ್ನೆ ಇರಬೇಕು ಅಂತ."

"ಜೊತಿಗೆ ಒಬ್ರು ಅದಾರ ಅಂತ ಮೈಗೆ ಗೊತ್ತಾಗಾಕೆ ಅಂತ ಹೇಳು ನೇತ್ರಾ," ಎಂದ ಹನುಮೇಶ.

ಮಾವ ಮಲಗಿದ್ದರಿಂದ ಪಾಠ ನಿಲ್ಲಿಸುವ ಜಾಯಮಾನ ಹನುಮೇಶನದಲ್ಲ. ಸೊಂಟದ ಭಾಗಕ್ಕೆ ಬಂದು ಎರಡೂ ಅಂಗೈ ಊರಿ, ಒಂದು ಮೊಣಕಾಲು ಅತ್ತ ಒಂದು ಇತ್ತ ಇಟ್ಟು ಭಾರ ಬಿಟ್ಟ. ಕೆಂಚವೀರಪ್ಪ ನಿದ್ದೆಯಲ್ಲೇ ಸುಖಕ್ಕೆ, "ಆಆ... ಅಯ್ಯಯ್ಯಪ್ಪಾ..." ಎಂದು ನರಳಿದರು. ಅದೇ ಹೊತ್ತಿಗೆ ಬಕ್ಕೇಶಪ್ಪ, ಒಳಗಿನ ಸುದ್ದಿ ತಿಳಿಯುವುದಕ್ಕೆಂದೇ, ಒಂದು ಲೋಟ ಸಕ್ಕರೆ ಕೇಳಲು ಬಾಗಿಲಿಗೆ ಬಂದರು. ಕಂಡದ್ದಿಷ್ಟು: ನೆಲದ ಮೇಲೆ ಬೋರಲು ಬಿದ್ದ ಮಾವ, ಅವರ ಮೇಲೆ ಮನೆ ಅಳಿಯ, ಮಾವನ ಬಾಯಿಂದ ನರಳಾಟ. ಲೋಟ ಅಲ್ಲೇ ಬಿಟ್ಟು ಓಡಿದರು.

"ಅಳಿಯ ಮನೆ ತೊಳೆಯ ಅಂತ ಹಿರಿಯರು ಸುಮ್ನೆ ಹೇಳ್ಯಾರೇನು? ಬಂದು ಒಂದು ತಾಸು ಆಗಿಲ್ಲ, ಹೊಲ ಬರಕೊಡು ಅಂತ ಮಾವನ ಮ್ಯಾಲೆ ಕುಂತಾನ!"

ಹತ್ತು ನಿಮಿಷದಲ್ಲಿ ನಡುಮನೆ ತುಂಬಿತು. ಮುಂದೆ ಊರ ಹಿರಿಯ ಅಜ್ಜಪ್ಪ, ಕೈಯಲ್ಲಿ ಕೋಲು. ಹಿಂದೆ ಬಕ್ಕೇಶಪ್ಪ. ಅವರ ಹಿಂದೆ, ಭಾನುವಾರವಾಗಿದ್ದರಿಂದ, ಕೆಲಸವಿಲ್ಲದ ಗಂಡಸರೆಲ್ಲ. ಹನುಮೇಶ ಬೆರಗಾಗಿ ಮಾವನ ಮೇಲಿಂದ ಇಳಿದ.

"ಕೆಂಚವೀರಪ್ಪ, ಹೆದರ್ಬ್ಯಾಡ," ಅಜ್ಜಪ್ಪ ಕೋಲು ನೆಲಕ್ಕೆ ಕುಟ್ಟಿದರು. "ನಾವೆಲ್ಲ ಅದೀವಿ. ಹೇಳು, ನಿನ್ನ ಅಳಿಯ ಏನ್ ಮಾಡಿದ?"

ಕೆಂಚವೀರಪ್ಪ ಕೆನ್ನೆಯ ಮೇಲೆ ಗಾದಿಯ ಹೊಲಿಗೆಯ ಗುರುತು ಹೊತ್ತು ತಲೆ ಎತ್ತಿದರು. ಅಷ್ಟು ಜನರನ್ನು ನೋಡಿದರು. ಆಮೇಲೆ ಅಳಿಯನನ್ನು ನೋಡಿ, ಬಹಳ ಬೇಸರದಿಂದ, "ಯಾಕ ನಿಲ್ಸಿದ್ರಿ? ಇನ್ನೊಂಚೂರು ಕೆಳಗೆ," ಎಂದು ಮತ್ತೆ ಮಲಗಿದರು.

ನೇತ್ರಾವತಿಗೆ ಬಸ್‌ಸ್ಟಾಪಿನ ಸಮಾಧಾನದ ಅರ್ಥ ಈಗ ಹೊಳೆಯಿತು. ಅವಳು ಗೋಡೆ ಹಿಡಿದುಕೊಂಡು ನಕ್ಕಳು. ನಗುವಿನ ನಡುವೆಯೇ ಎಲ್ಲ ಬಿಡಿಸಿ ಹೇಳಿದಳು. ಬಂದವರಿಗೆ ನಿರಾಸೆಯಾಯಿತು. ಹಾಗಂತ ಬರಿಗೈಲಿ ಹೋಗಲಾದೀತೆ? ಅಜ್ಜಪ್ಪ ಕೋಲನ್ನು ಗೋಡೆಗೆ ಒರಗಿಸಿದರು.

"ಅಲ್ಲಪ್ಪಾ, ನನ್ನ ಬೆನ್ನೂ ಬಾಳ ದಿನದಿಂದ ಬಿಗಿದೈತಿ. ಒಂಚೂರು ನೋಡ್ತೀಯಾ?"

ಹನುಮೇಶನ ಎದೆ ಉಬ್ಬಿತು. ವಿದ್ಯೆಯ ಕೀರ್ತಿ ಹಬ್ಬುವುದು ಹೀಗೇ ಅಲ್ಲವೆ! ಅಜ್ಜಪ್ಪ ಮಲಗಿದರು, ಎದ್ದಾಗ "ಹಗುರಾತು ನೋಡ್ರಪಾ" ಎಂದರು. ಅವರ ಹಿಂದೆ ಸಾಲು ಹತ್ತಿತು. ಒಬ್ಬನಿಗೆ ಕುತ್ತಿಗೆ, ಒಬ್ಬನಿಗೆ ಹೆಗಲು, ಇನ್ನೊಬ್ಬನಿಗೆ ಏನೂ ನೋವಿರಲಿಲ್ಲ, ಎಲ್ಲರೂ ಮಾಡಿಸಿಕೊಂಡರೆಂದು ಬಂದಿದ್ದ. ಜನ ನೋಡುತ್ತಿದ್ದಾರೆಂಬ ಹುರುಪಿನಲ್ಲಿ ಹನುಮೇಶ ಒರಗುವುದನ್ನು ಮರೆತು ಒತ್ತತೊಡಗಿದ. ತಾಯಿ ಕೈ ಎಲ್ಲಿ ಹೋಯಿತೋ, ಎರಡೂ ಕೈ ದುಡಿಯುತ್ತಿದ್ದವು. ಮಸ್ತಾನಸಾಬರ ಇಜ್ಜತ್ತಿನ ಹತ್ತಿಯಲ್ಲಿ ಮೊಣಕಾಲು ಹೂತುಹೋಗಿ ಮೈಭಾರ ಬಿಡಲು ಆಸರೆಯೇ ಸಿಗದೆ, ಎಲ್ಲ ಬಲವೂ ಸೊಂಟದಿಂದಲೇ ಬರಬೇಕಾಗಿತ್ತು. ಕೊನೆಗೆ ಬಂದವರು ಬಕ್ಕೇಶಪ್ಪ. ಅವರದು ಎರಡಾಳಿನ ಬೆನ್ನು. ಸಕಲ ಅಪಪ್ರಚಾರಕ್ಕೂ ಇಲ್ಲೇ ಉತ್ತರ ಕೊಡುತ್ತೇನೆಂದು ಹನುಮೇಶ ಹಲ್ಲು ಕಚ್ಚಿ ಒತ್ತಿದ.

ಕಟಕ್ ಎಂದಿತು. ಬಕ್ಕೇಶಪ್ಪನವರ ಬೆನ್ನಲ್ಲ.

ಬಕ್ಕೇಶಪ್ಪ ಸುಖವಾಗಿ ಎದ್ದು ಹೋದರು. ಹನುಮೇಶ ಏಳಲಿಲ್ಲ. ಕೈ ಮೊಣಕಾಲೂರಿ ಅಂಬೆಗಾಲಿನ ಮಗುವಿನಂತೆ ಗಾದಿಯ ಮೇಲೆ ನಿಂತೇ ಇದ್ದ. ಮುಂದೆ ಹೋಗಲಾರ, ಹಿಂದೆ ಬರಲಾರ, ಕೂರಲಾರ.

"ಇದೂ ಜಪಾನಿನ ಪಟ್ಟೇನಾ?" ಎಂದು ಅಜ್ಜಪ್ಪ ಕೇಳಿದರು. ಉಳಿದವರಲ್ಲಿ ಇಬ್ಬರು, ಬಿಟ್ಟರೆ ಸಿಗುವುದಿಲ್ಲವೆಂದು, ಅವನ ಪಕ್ಕದಲ್ಲೇ ಅದೇ ರೀತಿ ನಿಂತುಕೊಂಡರು. ಹನುಮೇಶನ ಕಣ್ಣಲ್ಲಿ ನೀರು ಕಂಡ ಮೇಲೆ ಎಲ್ಲರಿಗೂ ಮನೆಯಲ್ಲಿ ಕೆಲಸ ನೆನಪಾಯಿತು.

ಮನೆ ಖಾಲಿಯಾಯಿತು. ಕೆಂಚವೀರಪ್ಪ ಅಳಿಯನ ಸುತ್ತ ಒಂದು ಸುತ್ತು ಬಂದರು, ಕೆಟ್ಟು ನಿಂತ ಯಂತ್ರವನ್ನು ನೋಡುವ ಹಾಗೆ. "ತಡೀರಿ, ನಾನು ನೋಡ್ತೀನಿ," ಎಂದು ಹೆಬ್ಬೆರಳು ಇಟ್ಟು, ತುಕ್ಕು ಹಿಡಿದ ನಟ್ಟು ತಿರುಗಿಸುವಂತೆ ತಿರುವಿದರು. ಹನುಮೇಶ ಹಾಕಿದ ಕೂಗು ಹರಿಹರದ ಸೇತುವೆಗೆ ಕೇಳಿರಬೇಕು.

"ಒತ್ತಬ್ಯಾಡ್ರೀ! ಒತ್ತಬ್ಯಾಡ್ರಿ ಅಂತ ಆವಾಗಿಂದ ಹೇಳಾಕತ್ತಾರಲ್ಲ ಅವ್ರು!"

ಇದು ಬಾಗಿಲ ಮರೆಯಿಂದ ಬಂದ ಮಾತಾಗಿರಲಿಲ್ಲ. ಉಚ್ಚೆಂಗೆಮ್ಮ ನಡುಮನೆಗೇ ಬಂದುಬಿಟ್ಟಿದ್ದರು. ತಲೆಯ ಮೇಲೆ ಸೆರಗಿಲ್ಲ, ಕಟ್ಟದ ಕೂದಲು ಹೆಗಲ ಮೇಲೆ ಬಿದ್ದಿತ್ತು. ಆದರೆ ತಲೆ ಎತ್ತಲಾರದ ಹನುಮೇಶನಿಗೆ ಕಂಡದ್ದು ಕಾಲುಂಗುರ ತೊಟ್ಟ ಎರಡು ಪಾದ ಮಾತ್ರ. ಮರ್ಯಾದೆಗೆ ಏನೂ ಕೊರತೆಯಾಗಲಿಲ್ಲ.

ಆ ಪಾದಗಳು ಹತ್ತಿರ ಬಂದವು. ಸೊಂಟದ ಮೇಲೆ ಒಂದು ಕೈ ಬಂದು ಕೂತಿತು. ನೋವಿಲ್ಲದ ಎಡಗೈ. ಒತ್ತಲಿಲ್ಲ, ತಿಕ್ಕಲಿಲ್ಲ. ಸುಮ್ಮನೆ ಇತ್ತು. ರೊಟ್ಟಿ ಹಂಚಿನ ಬಿಸಿ ಇನ್ನೂ ಆ ಅಂಗೈಯಲ್ಲಿತ್ತು.

"ಉಸಿರು ಬಿಡ್ರಿ, ಅಳಿಯಂದ್ರೆ," ಎಂದರು ಉಚ್ಚೆಂಗೆಮ್ಮ. "ಜೊತಿಗೆ ನಾವದೀವಿ."

ನೇತ್ರಾವತಿ ಬಾಯಿ ತೆರೆದು ನಿಂತಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವ್ವ ಅಳಿಯನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. ಹನುಮೇಶ ಉಸಿರು ಬಿಟ್ಟ. ಹೆತ್ತ ತಾಯಿಯನ್ನು ಕಳೆದುಕೊಂಡಾಗಿನಿಂದ ಅವನ ಬೆನ್ನ ಮೇಲೆ ಯಾರೂ ಹಾಗೆ ಕೈಯಿಟ್ಟಿರಲಿಲ್ಲ. ಸೊಂಟ ಪೂರ್ತಿ ಬಿಡಲಿಲ್ಲ, ಆದರೆ ಮಗ್ಗುಲಿಗೆ ಮಲಗುವಷ್ಟು ಸಡಿಲಾಯಿತು.

ಹರಿಹರದ ಡಾಕ್ಟರು ಬಂದು ನೋಡಿ ಮಾತ್ರೆ ಬರೆದುಕೊಟ್ಟರು. "ಸ್ನಾಯು ಹಿಡಿದಿದೆ. ನೋವು ಹೋಗೋವರೆಗೆ ಬೈಕಿಲ್ಲ, ಬಸ್ಸಿಲ್ಲ. ಯಾರೂ ಒತ್ತೋದು ಬೇಡ," ಎಂದರು. ನೇತ್ರಾವತಿ ಕೆಲಸಕ್ಕೆ ದಾವಣಗೆರೆಗೆ ಹೋದಳು. ಹನುಮೇಶ ತಾನೇ ತಂದ ಗಾದಿಯ ಮೇಲೆ ಅತ್ತೆಮನೆಯಲ್ಲಿ ಉಳಿದ. ಎದುರುಕಟ್ಟೆಯಿಂದ ಬಕ್ಕೇಶಪ್ಪ, "ನಾನು ಅವತ್ತೇ ಹೇಳಲಿಲ್ಲೇನು?" ಎಂದು ಹೋಗಿ ಬರುವವರಿಗೆಲ್ಲ ತೋರಿಸುತ್ತಿದ್ದರು. ಅಂಗಡಿಯ ಮಾಲೀಕರು ಫೋನು ಮಾಡಿ, "ಹನುಮೇಶ, ಮನೆ ಅಳಿಯ ಆದ್ಯಂತೆ? ಒಂದ್ಮಾತು ಹೇಳಬಾರ್ದೇನಪ್ಪ," ಎಂದರು. ಊರ ಬಾಯಿಗೆ ಮುಚ್ಚಳವಿಲ್ಲ.

ಮಲಗಿದಲ್ಲಿಂದ ಅವನಿಗೆ ಅಡಿಗೆಮನೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಎರಡನೇ ದಿನವೋ ಮೂರನೇ ದಿನವೋ, ಮಧ್ಯಾಹ್ನದ ಊಟವಾದ ಮೇಲೆ, ಮಣೆ ಎಳೆದ ಸದ್ದು ಬಂತು. ಆಮೇಲೆ ಕೆಂಚವೀರಪ್ಪನವರ ಗಂಟಲು ಸರಿಮಾಡಿಕೊಳ್ಳುವ ಸದ್ದು.

"ಅಳಿಯಂದ್ರೆ," ಉಚ್ಚೆಂಗೆಮ್ಮ ಒಳಗಿನಿಂದಲೇ ಕೇಳಿದರು, ಈಗ ಮಗಳ ಮಧ್ಯಸ್ಥಿಕೆ ಇಲ್ಲದೆ, "ಹೆಬ್ಬೆರಳು ಭುಜದ ಹಿಂದೆನಾ ಮುಂದೆನಾ?"

"ಹಿಂದೆ ಅತ್ತೆ. ಮೆತ್ತಗೆ. ನೋವಾದ್ರೆ ಅಲ್ಲೇ ನಿಲ್ಸಬೇಕು. ಆಮ್ಯಾಲೆ ಡಾಕ್ಟ್ರು ಹೇಳಿದಂಗೆ ಕೈ ಆಡಿಸ್ರಿ."

ಒಳಗೆ ಬಳೆ ಸದ್ದಾಯಿತು.

"ನೋವಾತೇನು?" ಕೆಂಚವೀರಪ್ಪನವರ ದನಿ. ಆ ಮನುಷ್ಯನ ಗಂಟಲಿನಲ್ಲಿ ಅಂಥ ಮೆತ್ತನೆ ದನಿ ಇರುವುದು ಹನುಮೇಶನಿಗೆ ಗೊತ್ತಿರಲಿಲ್ಲ.

"ಇಲ್ಲ," ಎಂದರು ಉಚ್ಚೆಂಗೆಮ್ಮ. "ತುರುಬು ಕಟ್ಟಾಕ ಆಗಂಗಿಲ್ಲ."

"ಯಾವಾಗಿಂದ?"

"ಜ್ವಾಳ ಒಕ್ಕಣಿ ಮುಂಚಿಂದ."

"ನಂಗ್ಯಾಕ ಹೇಳ್ಲಿಲ್ಲ?"

"ನೀವು ಯಾವಾಗ ಕೇಳಿದ್ರಿ?"

ಹನುಮೇಶ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಕೇಳಬಾರದ ಮಾತು, ಆದರೆ ಕೇಳಿದ್ದಕ್ಕೆ ಅವನಿಗೆ ಸಂತೋಷವೇ ಆಯಿತು. ಒಳಗೆ ಬಾಚಣಿಗೆ ಹುಡುಕುವ ಸದ್ದಾಯಿತು. ಸಂಜೆ ಉಚ್ಚೆಂಗೆಮ್ಮ ಚಹಾ ತಂದಿಟ್ಟಾಗ ಅವರ ತಲೆಯ ಮೇಲೊಂದು ತುರುಬಿತ್ತು. ಫಿಟ್ಟರು ಕಟ್ಟಿದ ತುರುಬು, ಭೂಕಂಪಕ್ಕೂ ಅಲುಗುವಂತಿರಲಿಲ್ಲ.

ಅಂದಿನಿಂದ ಅದು ದಿನದ ಪಾಠವಾಯಿತು. ಮೊದಮೊದಲು ಒಳಗಿನಿಂದ "ಒತ್ತಬ್ಯಾಡ್ರಿ, ಒರಗ್ರಿ" ಎಂಬ ಗದರಿಕೆ ಕೇಳುತ್ತಿತ್ತು. ದಿನ ಕಳೆದಂತೆ ಅದು ಕಡಿಮೆಯಾಗಿ ಬರೀ ಊರ ಸುದ್ದಿ, ಹಳೇ ಕಥೆ, ನಡುನಡುವೆ ನಗು. ಮೊದಲು ಎಷ್ಟು ಹೇಳಿಸಿಕೊಂಡರೂ ಆಡಿಸದ ಕೈಯನ್ನು ಉಚ್ಚೆಂಗೆಮ್ಮ ಈಗ ಗಂಡ ಪಕ್ಕದಲ್ಲಿ ಕೂತು ಎಣಿಸುತ್ತಾರೆಂಬ ಕಾರಣಕ್ಕೆ ಗೋಡೆಗೆ ಹಚ್ಚಿ ಮೇಲೇರಿಸುತ್ತಿದ್ದರು. ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತಿದೆ ಎಂದು ಅಳಿಯನಿಗೇ ಹೇಳಿದರು. ಉಕ್ಕಡಗಾತ್ರಿಯ ಅಜ್ಜಯ್ಯ ದೇವರಿಗೂ ಹರಕೆ ಹೊತ್ತಿದ್ದರು, ಅದು ಬೇರೆ ಮಾತು. ಹನುಮೇಶ ಸೊಂಟ ನೆಟ್ಟಗಾಗಿ ದಾವಣಗೆರೆಗೆ ಹೊರಟ ದಿನ ಗಾದಿಯನ್ನು ಸುತ್ತಲು ಹೋದ.

"ಅದಿರ್ಲಿ ಬಿಡ್ರಿ," ಎಂದರು ಕೆಂಚವೀರಪ್ಪ, ಬೇರೆ ಕಡೆ ನೋಡುತ್ತ. "ನೀವು ಬೇಕಾದ್ರೆ ಹೋಗ್ರಿ."

ಕುಬುಸದ ದಿನ ಮಲೆಬೆನ್ನೂರಿನ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದ ಆಶಾ ಬಾಗಿಲ ಕಡೆಯೇ ನೋಡುತ್ತಿದ್ದಳು. ದೊಡ್ಡವ್ವ ಬರುವುದಿಲ್ಲವೆಂದು ಅವಳಿಗೆ ಯಾರೋ ಹೇಳಿದ್ದರು. ಉಚ್ಚೆಂಗೆಮ್ಮ ಒಳಗೆ ಬಂದರು. ತುರುಬು ಸ್ವಲ್ಪ ಎಡಕ್ಕೆ ವಾಲಿತ್ತು. ಅಂದು ಫಿಟ್ಟರಿಗೆ ರಜೆ ಕೊಟ್ಟು ತಾವೇ ಕಟ್ಟಿಕೊಂಡದ್ದು ಅದು. ಬಾಗಿಲ ಬಳಿ ನಿಂತಿದ್ದ ಹನುಮೇಶ ಉಸಿರು ಬಿಗಿಹಿಡಿದ. ಕೆಂಚವೀರಪ್ಪ ಅವನ ತೋಳು ಹಿಡಿದುಕೊಂಡಿದ್ದರು, ಅದು ಅವರಿಗೆ ಗೊತ್ತಿದ್ದಂತಿರಲಿಲ್ಲ.

ಉಚ್ಚೆಂಗೆಮ್ಮ ಮಲ್ಲಿಗೆ ದಂಡೆ ತೆಗೆದುಕೊಂಡರು. ಬಲಗೈ ಎದೆಯವರೆಗೆ ಬಂತು, ಹೆಗಲವರೆಗೆ ಬಂತು, ಅಲ್ಲಿ ಒಂದು ಗಳಿಗೆ ನಿಂತಿತು. ಅವರೊಮ್ಮೆ ಉಸಿರು ಬಿಟ್ಟರು. ಎಡಗೈಯನ್ನು ಆಶಾಳ ಹೆಗಲ ಮೇಲೆ ಸುಮ್ಮನೆ ಇಟ್ಟರು. ಆಮೇಲೆ ಬಲಗೈ ಮೇಲೆ ಹೋಯಿತು, ತಲೆ ಮುಟ್ಟಿತು, ಹೂ ಮುಡಿಸಿತು. ಆಶಾ ಆ ಎಡಗೈ ಹಿಡಿದುಕೊಂಡು ಅತ್ತಳು. ಪಕ್ಕದಲ್ಲಿ ಮೂಗೆಳೆದ ಸದ್ದು ಕೇಳಿ ಹನುಮೇಶ ಮಾವನ ಕಡೆ ತಿರುಗಿದ. ಅವರು ಚಾವಣಿಯ ಫ್ಯಾನನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು. ದೇವರೇ, ಮೇಡಂ ಎಲ್ಲಿದ್ದರೂ ಚೆನ್ನಾಗಿರಲಿ ಎಂದು ಹನುಮೇಶ ಮನಸ್ಸಿನಲ್ಲೇ ಕೈ ಮುಗಿದ.

"ಕೈ ಮ್ಯಾಲೆ ಏಳ್ತೈತಲ್ಲೇ ಉಚ್ಚೆಂಗವ್ವ!" ಹೆಂಗಸರು ಮುತ್ತಿಕೊಂಡರು. "ಯಾರ ಹತ್ರ ತೋರಿಸ್ದೆ?"

ಹನುಮೇಶ ಶರಟಿನ ಕಾಲರ್ ಸರಿಮಾಡಿಕೊಂಡ. ಒಂದು ಹೆಜ್ಜೆ ಮುಂದೆಯೂ ಬಂದ. ಪ್ರಶ್ನೆ ಕೇಳಿದರೆ ಶಿಯಾತ್ಸುವಿನ ಬಗ್ಗೆ ಚಿಕ್ಕದಾಗಿ ನಾಲ್ಕು ಮಾತು ಹೇಳಲು ಸಿದ್ಧನಾಗಿದ್ದ.

"ಅಜ್ಜಯ್ಯನ ದಯೆ," ಎಂದರು ಉಚ್ಚೆಂಗೆಮ್ಮ. ಆಮೇಲೆ ಕೆನ್ನೆ ಕೆಂಪಾಗಿ, ದನಿ ತಗ್ಗಿಸಿ, "ಆಮ್ಯಾಲೆ ನಮ್ಮನಿಯವ್ರ ಕೈಗುಣ."

"ಮತ್ತೆ ನಿಮ್ಮ ಅಳಿಯ ಏನೋ ಜಪಾನ್ ವಿದ್ಯೆ ಕಲ್ತಾನಂತಲ್ಲ?"

"ಅಳಿಯಂದ್ರು ಪಾಪ, ಅಷ್ಟು ದೂರದಿಂದ ಗಾದಿ ಹೊತ್ಕೊಂಡು ಬಂದ್ರು."

ಹನುಮೇಶ ಮುಂದಿಟ್ಟ ಹೆಜ್ಜೆಯನ್ನು ಹಿಂದೆ ತೆಗೆದುಕೊಂಡು ಪಂಕ್ತಿಯಲ್ಲಿ ಊಟಕ್ಕೆ ಕೂತ. ಹೆಂಡತಿ ಪಕ್ಕದಲ್ಲಿ ಕೂತು, "ಲಗೇಜ್ ಆಟೋದವ್ರಿಗೂ ಸರ್ಟಿಫಿಕೇಟ್ ಕೊಡ್ತಾರೇನ್ರಿ?" ಎಂದು ಕೇಳಿದಳು. ಅಷ್ಟರಲ್ಲಿ ಹೋಳಿಗೆಯ ತಟ್ಟೆ ಹಿಡಿದು ಉಚ್ಚೆಂಗೆಮ್ಮ ಬಂದರು. ತಲೆತುಂಬ ಸೆರಗು ಹೊದ್ದಿದ್ದರು. ಈಗ ಅದನ್ನು ಎಳೆದುಕೊಳ್ಳಲು ಕೈ ಬರುತ್ತಿತ್ತು. ಆದರೆ ಮಗಳನ್ನು ನಡುವೆ ತರದೆ ಅಳಿಯನ ಎಲೆಯ ಮುಂದೆಯೇ ನಿಂತರು.

"ಇನ್ನೊಂದು ಹಾಕ್ಲೇನ್ರಿ?"

ಮೊದಲಾಗಿದ್ದರೆ ಸಾಕು ಎಂದು ಹೆಂಡತಿಯ ಮೂಲಕ ಹೇಳಿ ಕಳಿಸಬಹುದಿತ್ತು. ಈಗ ಆ ದಾರಿ ಮುಚ್ಚಿತ್ತು. ಹನುಮೇಶ ಹೂಂ ಎಂದು ತಲೆಯಾಡಿಸಿದ. ಬಲಗೈಯಿಂದ ಹೋಳಿಗೆ ಬಿತ್ತು, ಅದರ ಮೇಲೆ ಇನ್ನೊಂದು ಬಿತ್ತು, ಅದರ ಮೇಲೆ ತುಪ್ಪ ಬಿತ್ತು.

"ಮುಂದಿನ ಸಲ ಬರೋವಾಗ ಬರಿಗೈಲೇ ಬರ್ರಿ, ಅಳಿಯಂದ್ರೆ," ಎಂದರು ಉಚ್ಚೆಂಗೆಮ್ಮ ಮೆಲ್ಲಗೆ. "ಮನೆ ಅಳಿಯ ಆಗೋದು ನಿಮಗೆ ಹೊಂದಂಗಿಲ್ಲ. ನಿಮ್ಮ ಗಾದಿ ನಮಗೆ ಹೊಂದಿಕೊಂಡೈತಿ."